ಹಬ್ಬ ಇಲ್ಲದ ಮನೆಗೆ ಅರ್ಧ ಪೌಂಡು ಕಾಫಿಪುಡಿ

ನಮ್ಮ ಭಾವನವರು ಬದುಕಿದ್ದ ಮನುಷ್ಯರೊಬ್ಬರನ್ನು ಒಂದೇ ವರ್ಷದಲ್ಲಿ ಎರಡು ಸಲ ಸಾಯಿಸಿದವರು! ಹಾಗೆಂದು ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ದಾರಿಯಲ್ಲಿ ಇರುವೆ ಸಾಲು ಅಡ್ಡ ಬಂದರೆ ಇಳಿದು, ಸೈಕಲ್ಲನ್ನೇ ಎತ್ತಿಕೊಂಡು ದಾಟುತ್ತಿದ್ದ ಸಾಧುಪ್ರಾಣಿ. ಗಾಂಧಿ ಬಜಾರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದರು. ಬರೀ ಕಾಫಿಪುಡಿ ಮಾರಿಕೊಂಡಿದ್ದರೆ ಯಾರೂ ಸಾಯುತ್ತಿರಲಿಲ್ಲ. ಅವರಿಗೆ ಹಬ್ಬದ ಹುಚ್ಚೂ ಇತ್ತು, ಅದೇ ತೊಂದರೆಯಾದದ್ದು.

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ನಾನು ಮಂಡ್ಯದ ಕಡೆಯಿಂದ ಈ ಮನೆಗೆ ಎರಡನೆಯ ಸೊಸೆಯಾಗಿ ಬಂದಾಗ ಯುದ್ಧ ಮುಗಿದಿತ್ತು, ರೇಷನ್ ಮಾತ್ರ ಮುಗಿದಿರಲಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಬೀಜ ಹುರಿಯುವ ದಿನ ನಮ್ಮ ಸೀರೆ, ತಲೆಕೂದಲು, ದೇವರ ಮನೆಯ ಗಂಟೆ ಎಲ್ಲವೂ ಕಾಫಿ ವಾಸನೆ. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಭಾವನವರು ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತನಾಡುವ ಪದ್ಧತಿ ಇರಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅವರು ಅತ್ತೆಗೆ ಹೇಳುತ್ತಿದ್ದರು, ನಾನು ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದರೂ!

"ಅಮ್ಮಾ, ಚಿಕ್ಕವಳಿಗೆ ಹೇಳು, ಕೊಬ್ಬರಿ ದಪ್ಪ ಹೆಚ್ತಿದಾಳೆ."

ಅತ್ತೆ ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಕೂತಿರುತ್ತಿದ್ದರು. ನನ್ನ ಕಡೆ ತಿರುಗಿ, "ಕೇಳಿಸ್ತೇನೇ?" ಎನ್ನುತ್ತಿದ್ದರು.

"ಕೇಳಿಸ್ತು ಅಂತ ಹೇಳಿ ಅತ್ತೆ."

"ಕೇಳಿಸ್ತಂತೆ ಕಣೋ."

ನಮ್ಮ ಅಂಗಡಿಯಲ್ಲಿ ಟೆಲಿಫೋನ್ ಇರಲಿಲ್ಲ. ಅತ್ತೆ ಇದ್ದರು, ಸಾಕಾಗಿತ್ತು.

ಕೊಬ್ಬರಿಗೂ ಕಾಫಿಪುಡಿಗೂ ಏನು ಸಂಬಂಧ ಎಂದಿರಾ? ಅಲ್ಲೇ ಇರುವುದು ಭಾವನವರ ಸಿದ್ಧಾಂತ! "ಅಂಗಡಿಗೆ ಬಂದಾಗ ಅವನು ಗಿರಾಕಿ. ಹಬ್ಬದ ದಿನ ನಾವೇ ಅವನ ಮನೆಗೆ ಹೋದ್ರೆ ಅವನು ನೆಂಟ. ನೆಂಟ್ರು ಯಾರಾದ್ರೂ ಅಂಗಡಿ ಬದಲಾಯಿಸ್ತಾರಾ?" ಎಂದು ಅವರು ಕೇಳುವರು.

"ನೆಂಟ್ರಾದ್ರೆ ಪುಡಿ ಬಿಟ್ಟಿ ಕೇಳ್ತಾರೆ ಕಣೋ," ಎಂದು ಅತ್ತೆ ಕೂತಲ್ಲಿಂದಲೇ ಉತ್ತರ ಕೊಡುವರು.

ಭಾವನವರು ಕೇಳಿಸಿಕೊಳ್ಳಬೇಕಲ್ಲ! ಪಂಚಾಂಗದಲ್ಲಿ ಒಂದು ಹಬ್ಬ ಕಂಡರೆ ಸಾಕು, ಗಿರಾಕಿಗಳ ಮನೆಗೆಲ್ಲ ಎಳ್ಳು ಕೊಬ್ಬರಿಯೋ ಇನ್ನೊಂದೋ ಹೋಗಲೇಬೇಕು. ಶಿವರಾತ್ರಿಗೆಂದು ಒಂದು ಸಲ 'ಜಾಗರಣೆ ಪುಡಿ' ಎಂದು ವಿಶೇಷವಾಗಿ ಮಾಡಿ, ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದರು. ಎಷ್ಟು ಸ್ಟ್ರಾಂಗ್ ಇತ್ತೆಂದರೆ, ಕುಡಿದವರು ಶಿವರಾತ್ರಿಯೊಂದೇ ಅಲ್ಲ, ಅದರ ಮಾರನೆಯ ರಾತ್ರಿ, ಅದರಾಚೆಯ ರಾತ್ರಿಯೂ ಕಣ್ಣು ಮುಚ್ಚಲಿಲ್ಲ. ಅಷ್ಟು ಪುಣ್ಯ ನಮಗೆ ಬೇಕಿರಲಿಲ್ಲ ಎಂದು ಎದುರು ಮನೆಯ ಗುಮಾಸ್ತರು ಕೈಮುಗಿದು ಹೇಳಿ ಹೋದರು. ಇನ್ನೊಂದು ವರ್ಷ ರಾಮನವಮಿಗೆ ಊರೆಲ್ಲ ಪಾನಕ ಮಜ್ಜಿಗೆ ಹಂಚುತ್ತಿದ್ದರೆ, ನಮ್ಮ ಅಂಗಡಿಯ ಮುಂದೆ ಆ ಸುಡು ಬಿಸಿಲಲ್ಲಿ ಹೊಗೆಯಾಡುವ ಕಾಫಿ! ದಾರಿಹೋಕರೊಬ್ಬರು ರೇಗಿದರು. "ರಾಮದೇವರ ಹೆಸರಲ್ಲಿ ಕಾಫಿ ಕೊಡ್ತೀರಲ್ಲ, ನಿಮಗೇನು ಬುದ್ಧಿ ಇದೆಯೇನ್ರೀ?" ಭಾವನವರು ಶಾಂತವಾಗಿ ಕೇಳಿದರು: "ಹದಿನಾಲ್ಕು ವರ್ಷ ಕಾಡಲ್ಲಿದ್ರು. ಯಾರಾದ್ರೂ ಕರೆದು ಒಂದು ಲೋಟ ಕೊಟ್ಟಿದ್ರೆ ಬೇಡ ಅಂತಿದ್ರಾ?" ಆ ಮನುಷ್ಯ ಸ್ವಲ್ಪ ಯೋಚಿಸಿ ಎರಡು ಲೋಟ ಕುಡಿದು ಹೋದ.

ಈ ಎಲ್ಲ ಕಾರುಬಾರಿಗೆ ಆಧಾರ ಒಂದು ದಪ್ಪ ಪುಸ್ತಕ. ಅದಕ್ಕೆ ಮನೆಪುಸ್ತಕ ಎಂದು ಹೆಸರು. ಒಂದೊಂದು ಗಿರಾಕಿಯ ಮನೆಗೂ ಅದರಲ್ಲಿ ಒಂದೊಂದು ಪುಟ. ಚಿಕೋರಿ ಎಷ್ಟು, ಪುಡಿ ನುಣ್ಣಗೋ ತರಿಯೋ ಎಂಬುದರಿಂದ ಹಿಡಿದು, ಯಾರ ಮನೆಯ ಹುಡುಗ ಇಂಟರ್‌ಮೀಡಿಯಟ್ ಪರೀಕ್ಷೆಗೆ ಕೂತಿದ್ದಾನೆ, ಯಾರ ಮನೆಯ ಅಜ್ಜಿಗೆ ಮಂಡಿನೋವು, ಯಾರ ಸೊಸೆಗೆ ಎಷ್ಟನೇ ತಿಂಗಳು, ಎಲ್ಲವೂ ಅದರಲ್ಲಿತ್ತು. ಆ ಸೊಸೆಯ ಗಂಡನಿಗೇ ಗೊತ್ತಿರದ ಸಂಗತಿಗಳೂ ಇದ್ದವು ಎಂದು ಅಕ್ಕ ಹೇಳುತ್ತಿದ್ದಳು. ಅಕ್ಕ ಎಂದರೆ ಭಾವನವರ ಹೆಂಡತಿ, ನನ್ನ ಓರಗಿತ್ತಿ.

ಆ ಪುಸ್ತಕದ ಕೆಲವು ಪುಟಗಳ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ 'ಹಬ್ಬ ಇಲ್ಲ' ಎಂದು ಬರೆದಿರುತ್ತಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲವಷ್ಟೆ. ಅಂಥ ಮನೆಗೆ ಸಂಕ್ರಾಂತಿಯಲ್ಲಿ ಎಳ್ಳು ಬೀರುವವರೂ ಹೋಗುವುದಿಲ್ಲ. ಬೇರೆ ಅಂಗಡಿಯವರಾಗಿದ್ದರೆ ಆ ಮನೆಯನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಭಾವನವರು ಬಿಟ್ಟಾರೆಯೆ? ಹಬ್ಬದ ದಿನ ಅಂಥ ಮನೆಗೆ ತಾವೇ ಹೋಗುವರು. ಎಳ್ಳಿಲ್ಲ, ಕಬ್ಬಿಲ್ಲ. ಬಿಳಿ ಕಾಗದ, ಬಿಳಿ ದಾರ, ಒಳಗೆ ಅರ್ಧ ಪೌಂಡು ಕಾಫಿಪುಡಿ. ತಲೆ ತಗ್ಗಿಸಿ ನಿಂತು ನಾಲ್ಕು ಮಾತು ಹೇಳಿ ಬರುವರು.

"ಹಬ್ಬ ಇರೋ ಮನೆಗೆ ಯಾರು ಬೇಕಾದ್ರೂ ಹೋಗ್ತಾರೆ. ಹಬ್ಬ ಇಲ್ಲದ ಮನೇಲಿ ಬೆಳಿಗ್ಗೆ ಎದ್ದೋರಿಗೆ ಏನೂ ತೋಚೋದಿಲ್ಲ. ಕಾಫಿಯಾದ್ರೂ ಚೆನ್ನಾಗಿರ್ಲಿ," ಎನ್ನುತ್ತಿದ್ದರು. ನಾನೂ ಅಕ್ಕನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೆವು. ದುಃಖದಲ್ಲೂ ವ್ಯಾಪಾರ ಬಿಡದ ಮಹಾನುಭಾವ!

ಈಗ ಮೇಷ್ಟ್ರ ವಿಷಯಕ್ಕೆ ಬರೋಣ. ಗವಿಪುರದಲ್ಲಿ ಒಬ್ಬ ರಿಟೈರ್ಡ್ ಹೆಡ್‌ಮೇಷ್ಟ್ರಿದ್ದರು. ಭಾವನವರಿಗೆ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿದವರು, ಬೆಂಚಿನ ಮೇಲೆ ನಿಲ್ಲಿಸಿದವರು. ಅಂಗಡಿ ತೆರೆದ ದಿನ ಬೆಳಿಗ್ಗೆ ಕೊಡೆ ಹಿಡಿದು ಬಂದು, "ಲೋ, ಗಣಿತ ಬರ್ಲಿಲ್ಲ ನಿನಗೆ. ತೂಕವಾದ್ರೂ ಸರಿಯಾಗಿ ಮಾಡು," ಎಂದು ಹೇಳಿ ಮೊದಲ ಪೊಟ್ಟಣ ಕೊಂಡವರು ಅವರೇ. ಮನೆಪುಸ್ತಕದ ಮೊದಲ ಪುಟ ಅವರದು. ಪ್ರತಿ ಶನಿವಾರ ಅವರು ಬರುವ ಹೊತ್ತಿಗೆ ಭಾವನವರು ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ನಿಂತಿರುತ್ತಿದ್ದರು.

ಒಂದು ವರ್ಷ ಧನುರ್ಮಾಸದಲ್ಲಿ ಭಾವನವರು ಸೈಕಲ್ಲಿನಲ್ಲಿ ಗವಿಪುರದ ಮೇಲೆ ಹೋಗುತ್ತಿದ್ದಾಗ ಮೇಷ್ಟ್ರ ಗೇಟಿನ ಮುಂದೆ ಚಟ್ಟ ಕಟ್ಟುತ್ತಿದ್ದುದನ್ನು ಕಂಡರು. ಅವರ ಎದೆ ಒಡೆದುಹೋಯಿತು. ಅಂಥ ಹೊತ್ತಿನಲ್ಲಿ ಯಾರು ಎತ್ತ ಎಂದು ಕೇಳುವುದುಂಟೆ? ಟೋಪಿ ತೆಗೆದು, ರಸ್ತೆಯಿಂದಲೇ ಕೈಮುಗಿದು, ಕಣ್ಣೊರೆಸಿಕೊಳ್ಳುತ್ತ ಅಂಗಡಿಗೆ ಬಂದು ಮೊದಲ ಪುಟದ ಮೂಲೆಯಲ್ಲಿ 'ಹಬ್ಬ ಇಲ್ಲ' ಎಂದು ಬರೆದರು. ಮನೆಯ ಹಿಂದಿನ ಭಾಗದಲ್ಲಿದ್ದ ಬಾಡಿಗೆಯವರಿಗೂ ಅದೇ ಗೇಟು, ಹೋದದ್ದು ಆ ಮನೆಯ ತೊಂಬತ್ತು ವರ್ಷದ ಅಜ್ಜ ಎಂದು ಅವರಿಗೆ ಹೊಳೆಯಲಿಲ್ಲ. ಮೇಷ್ಟ್ರು ಪ್ರತಿ ಧನುರ್ಮಾಸಕ್ಕೂ ಹೆಂಡತಿಯೊಡನೆ ಮೈಸೂರಿನ ಮಗಳ ಮನೆಗೆ ಹೋಗಿ ಸಂಕ್ರಾಂತಿಯ ಹೊತ್ತಿಗೆ ಬರುತ್ತಾರೆ ಎಂದು ಅದೇ ಪುಟದಲ್ಲಿ ಬರೆದಿತ್ತು! ಅದರ ಪಕ್ಕದಲ್ಲೇ 'ಹಬ್ಬ ಇಲ್ಲ' ಎಂದು ಬರೆದರೇ ಹೊರತು, ಓದಲಿಲ್ಲ.

ಸಂಕ್ರಾಂತಿ ಬಂತು. ನಾನೂ ಅಕ್ಕನೂ ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಗವಿಪುರದ ಬೀದಿಯಲ್ಲಿ ಎಳ್ಳು ಬೀರುತ್ತಿದ್ದೆವು. ರೇಷನ್ ಸಕ್ಕರೆಯಲ್ಲಿ ಮಾಡಿದ ಅಚ್ಚು ನೋಡಿ, ಇದು ಆನೆಯೋ ಇಲಿಯೋ ಎಂದು ಒಂದು ಮನೆಯಲ್ಲಿ ಕೇಳಿದ್ದರು. ಅಷ್ಟರಲ್ಲಿ ಎದುರುಗಡೆ ಭಾವನವರು! ಬರಿಗಾಲು, ಕೈಯಲ್ಲಿ ಬಿಳಿ ಪೊಟ್ಟಣ. ಮೇಷ್ಟ್ರ ಮನೆಯ ಬಾಗಿಲು ತಟ್ಟಿ ನೆಲ ನೋಡುತ್ತ ನಿಂತರು. ಬಾಗಿಲು ತೆರೆಯಿತು. ಅವರು ತಲೆಯೆತ್ತದೆ ಶುರುಮಾಡಿದರು.

"ದೊಡ್ಡ ಜೀವ. ನರಳದೆ ಹೋದ್ರು. ಅದೇ ಪುಣ್ಯ. ಧೈರ್ಯ ತಂದ್ಕೊಳ್ಳಿ."

"ಯಾರೋ ಹೋದದ್ದು?"

"ನಮ್ಮ ಮೇಷ್ಟ್ರು..." ಎನ್ನುತ್ತ ಭಾವನವರು ತಲೆಯೆತ್ತಿದರು. ಎದುರಿಗೆ ಮೇಷ್ಟ್ರು! ಜರಿಪಂಚೆ ಉಟ್ಟು, ಕೈಯಲ್ಲಿ ಒಂದು ಜಲ್ಲೆ ಕಬ್ಬು ಹಿಡಿದು ನಿಂತಿದ್ದರು. ಆಗಲಾದರೂ ತಪ್ಪಾಯಿತು ಎಂದು ಕಾಲಿಗೆ ಬೀಳಬೇಕೋ ಬೇಡವೋ? ಭಾವನವರ ಬಾಯಿಂದ ಬಂದ ಮಾತು ಇದು: "ಮೇಷ್ಟ್ರೇ, ನೀವು ಹೋಗ್ಲಿಲ್ವಾ?"

"ಇಲ್ಲಪ್ಪ. ನಿನ್ನ ಅಪ್ಪಣೆಗೆ ಕಾಯ್ತಿದ್ದೆ."

ಬಾಗಿಲು ಮುಚ್ಚಿತು. ಒಳಗಿನಿಂದ ಮೇಷ್ಟ್ರ ಹೆಂಡತಿ, "ಹಬ್ಬದ ದಿನ ಮುತ್ತೈದೆ ಮನೆಗೆ ಬಂದು ಇದೇನ್ರೀ ಅನಿಷ್ಟ!" ಎಂದು ಗೋಳಾಡಿದ್ದು ಬೀದಿಗೆಲ್ಲ ಕೇಳಿಸಿತು.

ಮುಂದಿನ ಶನಿವಾರ ಭಾವನವರು ಗುಂಡಿ ಹಾಕಿಕೊಂಡು ಕಾದರು. ಮೇಷ್ಟ್ರು ಬಂದರು, ಆದರೆ ಅಂಗಡಿಗಲ್ಲ. ಬೇಕೆಂದೇ ನಮ್ಮ ಅಂಗಡಿಯ ಮುಂದಿನಿಂದ, ಕೊಡೆಯನ್ನು ನಮ್ಮ ಕಡೆಗೆ ಓರೆಯಾಗಿ ಹಿಡಿದು, ಚಾಮರಾಜಪೇಟೆಯ ಇನ್ನೊಂದು ಕಾಫಿಪುಡಿ ಅಂಗಡಿಗೆ ನಡೆದು ಹೋದರು! ಆ ಅಂಗಡಿಯ ಪುಡಿಯಲ್ಲಿ ಚಿಕೋರಿ ಮುಕ್ಕಾಲು, ಕಾಫಿ ಕಾಲು ಎಂದು ಪ್ರತೀತಿ. ಭಾವನವರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. "ಅಮ್ಮಾ, ಮೊದಲನೇ ಪುಟವೇ ಹೋದ್ಮೇಲೆ ಪುಸ್ತಕ ಇದ್ದೇನು?" ಎಂದರು. ನನಗೆ ಮೊದಲ ಸಲ ಅವರನ್ನು ನೋಡಿ ಪಾಪ ಎನ್ನಿಸಿತು.

ಹಬ್ಬದಲ್ಲಿ ಕಳೆದುಕೊಂಡದ್ದನ್ನು ಹಬ್ಬದಲ್ಲೇ ಪಡೆಯಬೇಕೆಂದು ಅವರು ಹಟ ತೊಟ್ಟರು. ಯುಗಾದಿಗೆ ಬೇವುಬೆಲ್ಲದ ಜೊತೆಗೆ ಹೊಸ ಪಂಚಾಂಗ ಕಳಿಸಿದರು. ಅದರಲ್ಲಿ ಮೇಷ್ಟ್ರ ರಾಶಿಯ ಫಲವನ್ನು ಹುಡುಕಿ, ದೀರ್ಘಾಯುಷ್ಯ ಎಂದಿದ್ದ ಕಡೆ ಕೆಳಗೆ ಗೆರೆ ಎಳೆದಿದ್ದರು. ಪಂಚಾಂಗ ಸಂಜೆಯೊಳಗೆ ವಾಪಸು ಬಂತು. ಅಂಚಿನಲ್ಲಿ ಮೇಷ್ಟ್ರ ಅಕ್ಷರ: 'ನನ್ನ ಆಯುಷ್ಯ ನಾನು ನೋಡಿಕೊಳ್ಳುತ್ತೇನೆ. ನೀನು ಅಂಗಡಿ ನೋಡಿಕೋ.' ಭಾವನವರು ಅದನ್ನು ಮೂರು ಸಲ ಓದಿ, "ಅಮ್ಮಾ, ಅಂಗಡಿ ಬಗ್ಗೆ ವಿಚಾರಿಸಿದಾರೆ!" ಎಂದು ಹಿಗ್ಗಿದರು.

ಗೌರಿಹಬ್ಬ ಬಂದಾಗ ಹೆಂಗಸರಾದ ನಮ್ಮನ್ನು ರಂಗಕ್ಕಿಳಿಸಿದರು. ಮೊರದ ಬಾಗಿನವನ್ನು ಯಾವ ಹೆಣ್ಣುಮಗಳೂ ಬೇಡವೆನ್ನುವಂತಿಲ್ಲವಲ್ಲ! ಅಕ್ಕ ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ಕನ್ನಡಿ ಎಲ್ಲ ಜೋಡಿಸಿಟ್ಟು ಆಚೆ ಹೋದಾಗ, ಭಾವನವರು ಬೇಳೆಯ ಅಡಿಯಲ್ಲಿ ಒಂದು ಪೊಟ್ಟಣ ಹುದುಗಿಸಿದರು. ಮೇಷ್ಟ್ರ ಹೆಂಡತಿ ಬಾಗಿನ ಕಣ್ಣಿಗೊತ್ತಿಕೊಂಡು, ಪೊಟ್ಟಣ ಕೈಗೆ ತಾಗಿದ ಕೂಡಲೇ ನನ್ನ ಕಿವಿಯ ಹತ್ತಿರ ಬಂದರು.

"ನಮ್ಮ ಪುಡೀನಾ? ಆ ಚಾಮರಾಜಪೇಟೆ ಕಷಾಯ ಕುಡಿದು ಕುಡಿದು ನಾಲಗೆ ಸತ್ತೋಗಿದೆ ಕಣಮ್ಮ. ಇವ್ರು ಹಟ ಬಿಡ್ತಿಲ್ಲ."

ಮಾರನೆಯ ಬೆಳಿಗ್ಗೆ ಆಕೆ ಗುಟ್ಟಾಗಿ ಡಿಕಾಕ್ಷನ್ ಹಾಕಿದರಂತೆ. ಕಾಫಿಯನ್ನು ಗುಟ್ಟಾಗಿ ಮಾಡಲು ಸಾಧ್ಯವೆ? ವಾಸನೆ ಜಗಲಿಗೆ ಬಂತು. ಮೇಷ್ಟ್ರು ಪೇಪರು ಮಡಿಸಿ, ಒಂದು ಕ್ಷಣ ಕಣ್ಣುಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡು, ಆಮೇಲೆ ಚಪ್ಪಲಿ ಮೆಟ್ಟಿ ಆ ವಾಸನೆ ಹೋಗುವವರೆಗೆ ಬೆಟ್ಟದ ಕಡೆ ತಿರುಗಾಡಲು ಹೊರಟುಹೋದರಂತೆ. ಮಿಕ್ಕ ಪುಡಿ ಮಧ್ಯಾಹ್ನ ನಮ್ಮ ಅಂಗಡಿಗೆ ವಾಪಸು ಬಂತು. "ಉಸಿರೆಳೆದುಕೊಂಡ್ರಾ?" ಎಂದು ಭಾವನವರು ಅದೊಂದನ್ನೇ ಮತ್ತೆ ಮತ್ತೆ ಕೇಳಿದರು.

ನವರಾತ್ರಿಯಲ್ಲಿ ಆದದ್ದನ್ನು ಹೇಗೆ ಹೇಳಲಿ! ಅಂಗಡಿಯಲ್ಲೇ ಬೊಂಬೆ ಕೂರಿಸಿದರು. ಕೆಳಗಿನ ಮೆಟ್ಟಲಲ್ಲಿ ಹಸಿರು ಕಾಗದದ ಕಾಫಿಗಿಡಗಳು, ಅದರ ಮೇಲೆ ಮೂಟೆ ಹೇರಿದ ಎತ್ತಿನಗಾಡಿ, ಅದರ ಮೇಲೆ ಬಾಣಲೆಯಲ್ಲಿ ಬೀಜ ಹುರಿಯುವ ನಮ್ಮ ಅತ್ತೆ, ಎಲ್ಲಕ್ಕಿಂತ ಮೇಲೆ ತಂತಿಯ ಕನ್ನಡಕ ಹಾಕಿ, ಪುಟ್ಟ ಕೊಡೆ ಹಿಡಿದ ಮೇಷ್ಟ್ರು! ಮೊದಲ ಗಿರಾಕಿಗೆ ಮೇಲಿನ ಮೆಟ್ಟಲು. ಬೊಂಬೆ ಮಾಡುವವನ ಮನೆಗೆ ನಾಲ್ಕು ಸಲ ಎಡತಾಕಿ ಮೂಗು ತಿದ್ದಿಸಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಮೇಷ್ಟ್ರು ಕರಗುತ್ತಿದ್ದರೋ ಏನೋ. ಗುರುಗಳೆಂಬ ಗೌರವ ನೋಡಿ, ಬೊಂಬೆಯ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಮುಂದೆ ದೀಪ ಹಚ್ಚಿ, ಎರಡು ಊದುಬತ್ತಿ ಸಿಕ್ಕಿಸಿದರು.

ಮಧ್ಯಾಹ್ನದ ಹೊತ್ತಿಗೆ ಗಾಂಧಿ ಬಜಾರಿನ ಜನ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. "ಅಯ್ಯೋ ಪಾಪ, ಯಾವಾಗ ಹೋದ್ರು?" ಸಂಜೆ ಗವಿಪುರದ ಗೇಟಿನ ಮುಂದೆ ಹಳೆಯ ವಿದ್ಯಾರ್ಥಿಗಳ ಗುಂಪೋ ಗುಂಪು! ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದವರನ್ನು ಕಂಡು, ಒಬ್ಬ ಐವತ್ತು ವರ್ಷದ ವಕೀಲರು ಮೂರನೇ ಕ್ಲಾಸಿನ ಹುಡುಗನ ಹಾಗೆ ತಿರುಗಿ ಓಡಿದರಂತೆ.

ಮೇಷ್ಟ್ರು ನೇರವಾಗಿ ನಮ್ಮ ಅಂಗಡಿಗೆ ಬಂದರು. ಒಂಬತ್ತು ತಿಂಗಳ ಮೇಲೆ! ತಮ್ಮ ಬೊಂಬೆಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕೊಡೆಯ ತುದಿಯಿಂದ ಅದರ ಹಾರವನ್ನು ಮೆಲ್ಲಗೆ ಎತ್ತಿ, ಭಾವನವರ ಕಿವಿಗೆ ತಗುಲಿಹಾಕಿದರು. "ಇದು ನಿನಗಿರ್ಲಿ," ಎಂದಷ್ಟೇ ಹೇಳಿ ಹೊರಟುಹೋದರು.

ಭಾವನವರು ಕಿವಿಯಲ್ಲಿ ಹಾರ ನೇತಾಡಿಸಿಕೊಂಡೇ ಒಳಗೆ ಓಡಿಬಂದು, "ಅಮ್ಮಾ! ಮೇಷ್ಟ್ರು ಅಂಗಡಿಗೆ ಬಂದಿದ್ರು!" ಎಂದರು.

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ನೋಡೋ, ನೀನು ಒಂದೇ ಒಂದು ಹಬ್ಬ ಸುಮ್ನಿರು. ಏನೂ ಕಳಿಸ್ಬೇಡ, ಎಲ್ಲೂ ಹೋಗ್ಬೇಡ. ಅವರೇ ಬರ್ತಾರೆ."

"ಹಬ್ಬದಲ್ಲಿ ಸುಮ್ನಿರೋದು ಹೇಗಮ್ಮ?" ಎಂದು ಭಾವನವರು ನಿಜವಾಗಿಯೂ ತಿಳಿಯದೆ ಕೇಳಿದರು. ದೀಪಾವಳಿಗೆ ಸುಮ್ಮನಿದ್ದರೇ? ಎಲ್ಲಿಯ ಮಾತು! ಮೇಷ್ಟ್ರ ಮನೆಗೆ ಅಭ್ಯಂಜನಕ್ಕೆಂದು ಎಣ್ಣೆ ಸೀಗೆಪುಡಿ ಹೋಯಿತು, ಹೋದ ಹಾಗೆಯೇ ಬಂತು.

ಸುಮ್ಮನಿರಬೇಕಾದ ಹಬ್ಬ ತಾನಾಗಿಯೇ ಬಂತು. ಆ ವರ್ಷದ ಧನುರ್ಮಾಸದ ಚಳಿಯಲ್ಲಿ ಅತ್ತೆ ಮೂರು ದಿನ ಮಲಗಿದರು, ನಾಲ್ಕನೆಯ ದಿನ ಬೆಳಿಗ್ಗೆ ಏಳಲಿಲ್ಲ. ಬೀಜ ಹದವಾಗಿ ಹುರಿದಿದೆಯೇ ಎಂದು ಮೂಗಿನಿಂದಲೇ ಹೇಳುತ್ತಿದ್ದವರು ಹೋದರು. ಭಾವನವರು ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಆಯಿತೇ ಎಂದು ವಿಚಾರಿಸುತ್ತ ಓಡಾಡಿದರು. ಮೇಷ್ಟ್ರು ಎಂದಿನಂತೆ ಮೈಸೂರಿಗೆ ಹೋಗಿದ್ದರು.

ಸಂಕ್ರಾಂತಿಯ ದಿನ ನನಗೂ ಅಕ್ಕನಿಗೂ ಹೆಚ್ಚಲು ಕೊಬ್ಬರಿ ಇರಲಿಲ್ಲ, ಹುರಿಯಲು ಎಳ್ಳು ಇರಲಿಲ್ಲ. ಹೊಸ ಲಂಗ ಉಟ್ಟ ಹುಡುಗಿಯರು ತಟ್ಟೆ ಹಿಡಿದು ಬಂದು, ನಮ್ಮ ಪಕ್ಕದ ಮನೆಗೆ ಹೋಗಿ, ನಮ್ಮ ಮನೆ ಬಿಟ್ಟು, ಆಚೆ ಮನೆಗೆ ಹೋದರು. ಅದು ಅವರ ತಪ್ಪಲ್ಲ, ಪದ್ಧತಿಯೇ ಹಾಗೆ. ಆದರೂ ಆ ಬೀದಿಯಲ್ಲಿ ನಮ್ಮ ಎಳ್ಳು ತಿನ್ನದ ಮನೆ ಒಂದೂ ಇರಲಿಲ್ಲವಲ್ಲ! ಭಾವನವರು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರು. ತಕ್ಕಡಿ ಒರೆಸಿದರು. ಸ್ವಲ್ಪ ಹೊತ್ತಾದ ಮೇಲೆ ಅದನ್ನೇ ಮತ್ತೆ ಒರೆಸಿದರು. ಹಬ್ಬ ಇಲ್ಲದ ಮನೆಯಲ್ಲಿ ಏನೂ ತೋಚುವುದಿಲ್ಲ ಎಂದು ಅವರು ಹೇಳುತ್ತಿದ್ದಾಗ ನಾನು ಸೆರಗಿನ ಮರೆಯಲ್ಲಿ ನಕ್ಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಆಗ ಮೇಷ್ಟ್ರು ಬಂದರು. ಕೊಡೆ ಮಡಿಸಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಕೈಯಲ್ಲಿ ಬಿಳಿ ಕಾಗದದ, ಬಿಳಿ ದಾರ ಕಟ್ಟಿದ ಒಂದು ಪೊಟ್ಟಣ. ಭಾವನವರು ಎದ್ದು ನಿಂತು ಅಂಗಿಯ ಗುಂಡಿಗಳನ್ನು ತಡಕಾಡಿದರು. ಮೇಷ್ಟ್ರು ನೆಲ ನೋಡುತ್ತ, ಪಾಠ ಒಪ್ಪಿಸುವವರ ಹಾಗೆ ಹೇಳಿದರು.

"ದೊಡ್ಡ ಜೀವ. ನರಳದೆ ಹೋದ್ರು. ಅದೇ ಪುಣ್ಯ. ಧೈರ್ಯ ತಂದ್ಕೋ."

ಅಣಕಿಸುತ್ತಿದ್ದಾರೇನೋ ಎಂದುಕೊಂಡೆ. ಮೇಷ್ಟ್ರು ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು. "ಈ ಸಲ ಸರಿಯಾದ ಮನೆಗೇ ಬಂದಿದೀನಿ ತಾನೇನೋ?" ಎಂದರು.

ಭಾವನವರು ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅದು ಚಾಮರಾಜಪೇಟೆಯ ಪುಡಿ ಎಂದು ನನಗೇ ಅಷ್ಟು ದೂರಕ್ಕೆ ವಾಸನೆ ಗೊತ್ತಾಯಿತು. ಅವರು ಅಭ್ಯಾಸಬಲದಿಂದ ನಡುಬಾಗಿಲ ಕಡೆ ತಿರುಗಿ, "ಅಮ್ಮಾ, ಮೇಷ್ಟ್ರು ಬಂದಿದಾರೆ, ಚಿಕ್ಕವಳಿಗೆ ಹೇಳು ಕಾಫಿ..." ಎಂದು ಶುರುಮಾಡಿದರು. ಅಲ್ಲಿ ಚಾಪೆ ಇರಲಿಲ್ಲ. ಅಷ್ಟು ದಿನ ಅಳದಿದ್ದವರು ಆಗ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಚಿಕ್ಕ ಹುಡುಗನ ಹಾಗೆ ಅತ್ತರು. ಮೇಷ್ಟ್ರು ಬೆನ್ನು ಸವರುತ್ತ ನಿಂತರು.

ನಾನೇ ಹೋಗಿ ಆ ಪುಡಿಯಲ್ಲೇ ಕಾಫಿ ಮಾಡಿ ತಂದೆ. ಚಿಕೋರಿ ಒಂದು ಚಿಟಿಕೆ ಹೆಚ್ಚಾದರೂ ಲೋಟ ಕೆಳಗಿಡುತ್ತಿದ್ದ ಭಾವನವರು ಅದನ್ನು ಒಂದೇ ಉಸಿರಿಗೆ ಕುಡಿದರು.

"ಹೇಗಿದೆಯೋ?" ಎಂದು ಮೇಷ್ಟ್ರು ಕೇಳಿದರು.

"ಚೆನ್ನಾಗಿಲ್ಲ ಮೇಷ್ಟ್ರೇ."

"ಗೊತ್ತು. ಒಂದು ವರ್ಷದಿಂದ ಕುಡೀತಿದೀನಿ."

ಭಾವನವರು ಅಳುತ್ತಲೇ ನಕ್ಕರು. ಆಮೇಲೆ, ನಾನು ಆ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ, ಲೋಟ ಮುಂದಕ್ಕೆ ನೀಡಿ, "ಇನ್ನೊಂದು ಸ್ವಲ್ಪ ಹಾಕಮ್ಮ," ಎಂದರು.